ಡಿಸ್‌ಪ್ಲೇ ಇಲ್ಲದ ಸವಾರಿ

ಎಲೆಕ್ಟ್ರಿಕ್ ಸೈಕಲ್ಲಿನ ಬಿಡಿಭಾಗಗಳಲ್ಲಿ ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿರುವುದು ಹ್ಯಾಂಡಲ್ ಮೇಲಿನ ಡಿಸ್‌ಪ್ಲೇ. ಮೋಟಾರು ಚಕ್ರದ ಹಬ್ಬಿನೊಳಗೆ ಭದ್ರವಾಗಿ ಕೂತಿರುತ್ತದೆ. ಬ್ಯಾಟರಿಗೆ ಅದರದೇ ಪೆಟ್ಟಿಗೆಯಿದೆ, ಮೋಟಾರನ್ನು ನಡೆಸುವ ಕಂಟ್ರೋಲರ್ ಫ್ರೇಮಿನ ಮರೆಯಲ್ಲಿದೆ. ಸೈಕಲ್ ವಾಲಿ ಬಿದ್ದರೆ ಮೊದಲ ಪೆಟ್ಟು ತಿನ್ನುವುದೂ ಡಿಸ್‌ಪ್ಲೇಯೇ. ಮೈಸೂರಿನ ಒಂದು ಮಳೆಗಾಲದಲ್ಲಿ ನನ್ನ ಸೈಕಲ್ಲಿನ ಡಿಸ್‌ಪ್ಲೇಗೆ ನೀರಿಳಿಯಿತು. ಗಾಜಿನ ಹಿಂದೆ ಮಂಜು ಕಟ್ಟಿತು, ಅಂಕಿಗಳು ಅರ್ಧಂಬರ್ಧ ಕಂಡವು, ಆಮೇಲೆ ಪೂರ್ತಿ ಕಪ್ಪಾಯಿತು. ಬ್ಯಾಟರಿ ತುಂಬಿತ್ತು, ಮೋಟಾರಿಗೆ ಏನೂ ಆಗಿರಲಿಲ್ಲ. ಆದರೂ ಎಷ್ಟು ತುಳಿದರೂ ಅದು ಮಿಸುಕಲಿಲ್ಲ. ಕೊಂಡ ಅಂಗಡಿಯಲ್ಲಿ ವಿಚಾರಿಸಿದರೆ ಆ ಮಾಡೆಲ್ಲಿನ ಡಿಸ್‌ಪ್ಲೇ ಈಗ ಬರುತ್ತಿಲ್ಲ ಎಂದರು.

ಉಳಿದೆಲ್ಲ ಗಟ್ಟಿಮುಟ್ಟಾಗಿರುವ ಗಾಡಿ ಅಂಗೈಯಗಲದ ಒಂದು ಗಾಜು ಕೆಟ್ಟಿತೆಂದು ಮೂಲೆ ಸೇರಬೇಕೇ? ಈ ಪ್ರಶ್ನೆ ನನ್ನನ್ನು ಬಿಡದೆ ಕಾಡಿತು. ಶುರುವಿನಲ್ಲಿ ಈ ಗಾಜು ಇರಲೇ ಇಲ್ಲ. 1895ರ ಡಿಸೆಂಬರ್ 31ರಂದು ಅಮೆರಿಕದ ಆಗ್ಡೆನ್ ಬೋಲ್ಟನ್ ಎಲೆಕ್ಟ್ರಿಕ್ ಸೈಕಲ್ಲಿಗೆ ಪೇಟೆಂಟ್ ಪಡೆದ. ಅದರಲ್ಲೂ ಮೋಟಾರು ಇದ್ದದ್ದು ಇವತ್ತಿನ ಹಾಗೆಯೇ ಹಿಂದಿನ ಚಕ್ರದ ಹಬ್ಬಿನಲ್ಲಿ. ಬ್ಯಾಟರಿ 10 ವೋಲ್ಟಿನದು. ಸವಾರನಿಗೆ ಲೆಕ್ಕ ಒಪ್ಪಿಸುವ ಪರದೆ ಅದರಲ್ಲಿ ಎಲ್ಲಿಂದ ಬರಬೇಕು! ವಿದ್ಯುತ್ತಿನಿಂದ ಚಕ್ರ ತಿರುಗಿಸುವ ಕೆಲಸಕ್ಕೆ ಪರದೆ ಬೇಕೇ ಬೇಕು ಎಂದಿಲ್ಲ. ಅದು ಬಹಳ ತಡವಾಗಿ ಬಂದು ಸೇರಿಕೊಂಡದ್ದು.

ಹಾಗಿದ್ದೂ ಅದು ಕೆಟ್ಟರೆ ಮೋಟಾರು ಏಕೆ ನಿಲ್ಲುತ್ತದೆ ಎಂಬುದನ್ನು ನನಗೆ ತೋರಿಸಿಕೊಟ್ಟವರು ನಮ್ಮ ಬೀದಿಯ ಸೈಕಲ್ ಶಾಪಿನವರು. ಡಿಸ್‌ಪ್ಲೇಯಿಂದ ಇಳಿದು ಬರುವ ವೈರನ್ನು ಬೆರಳಲ್ಲಿ ಸವರುತ್ತಾ ಹೋಗಿ, ಕನೆಕ್ಟರ್ ಸಿಕ್ಕಿದ ಕಡೆ ನೇರಕ್ಕೆ ಎಳೆದು ಬಿಡಿಸಿದರು. ಒಳಗೆ ಐದು ಪಿನ್ನು, ಒಂದರ ಬುಡಕ್ಕೆ ಹಸಿರು ಕಿಲುಬು. "ನೋಡಿ ಸಾರ್, ಗಾಡಿ ಆನ್ ಆಗೋಕೆ ಬೇಕಾಗಿರೋದು ಕೆಂಪು, ನೀಲಿ ಎರಡೇ. ಮಿಕ್ಕಿದ್ದೆಲ್ಲ ಮಾತುಕತೆಗೆ" ಎಂದರು. ಮಲ್ಟಿಮೀಟರ್ ಹಿಡಿದು ತೋರಿಸಿದ ಮೇಲೆ ಅವರ ಮಾತು ನನಗೆ ಬಿಡಿಸಿ ಅರ್ಥವಾಯಿತು. ಕೆಂಪು ವೈರಿನಲ್ಲಿ ಬ್ಯಾಟರಿಯ ಪಾಸಿಟಿವ್ ಹ್ಯಾಂಡಲಿನವರೆಗೆ ಬರುತ್ತದೆ, ಕಪ್ಪು ನೆಗೆಟಿವ್. ನಾವು ಗುಂಡಿ ಒತ್ತಿದಾಗ ಡಿಸ್‌ಪ್ಲೇ ಒಳಗೊಳಗೇ ಕೆಂಪನ್ನು ನೀಲಿಗೆ ಸೇರಿಸುತ್ತದೆ. ನೀಲಿಯಲ್ಲಿ ಆ ವೋಲ್ಟೇಜ್ ವಾಪಸು ಹೋದಾಗ ಕಂಟ್ರೋಲರಿಗೆ ಎಚ್ಚರವಾಗುತ್ತದೆ. ಉಳಿದ ಎರಡು ವೈರುಗಳಲ್ಲಿ ವೇಗ, ಅಸಿಸ್ಟ್ ಲೆವೆಲ್ (ತುಳಿಯುವಾಗ ಮೋಟಾರು ಎಷ್ಟು ನೆರವಾಗಬೇಕೆಂಬ ಮಟ್ಟ), ಎರರ್ ಕೋಡ್ ಇತ್ಯಾದಿ ಸಂದೇಶಗಳು ಓಡಾಡುತ್ತವೆ. ಅಂದರೆ ಡಿಸ್‌ಪ್ಲೇ ಮಾಡುವುದು ಎರಡು ಬೇರೆ ಬೇರೆ ಕೆಲಸ: ಸುದ್ದಿ ಹೇಳುವುದು ಒಂದು, ಗಾಡಿಗೆ ಅಪ್ಪಣೆ ಕೊಡುವುದು ಇನ್ನೊಂದು. ನಾವು ದುಡ್ಡು ಕೊಟ್ಟದ್ದು ಸುದ್ದಿಗೆ. ಅಪ್ಪಣೆಯ ಅಧಿಕಾರ ಅದರ ಜೊತೆಯಲ್ಲೇ ಬಂದುಬಿಟ್ಟಿದೆ.

ಬ್ಯಾಟರಿ ತೆಗೆದಿಟ್ಟು, ಕೆಂಪು ನೀಲಿಗಳ ನಡುವೆ ಒಂದು ಸಣ್ಣ ಫ್ಯೂಸು, ಒಂದು ಕೀಲಿ ಸ್ವಿಚ್ಚು ಕೂರಿಸಿ, ಬೆಸುಗೆಯ ಮೇಲೆ ಸ್ಲೀವು ಎಳೆದು ಬಿಸಿ ಮಾಡಿದರು. ಬ್ಯಾಟರಿ ಹಾಕಿ ಕೀಲಿ ತಿರುಗಿಸಿ, ಹಿಂದಿನ ಚಕ್ರ ಎತ್ತಿ ಹಿಡಿದು ಪೆಡಲನ್ನು ಕೈಯಲ್ಲಿ ಒಂದು ಸುತ್ತು ತಿರುವಿದರು. ಮೋಟಾರು ಗುಂಯ್ಯೆಂದು ಎದ್ದಿತು.

ಹೀಗೆ ಎಲ್ಲ ಸೈಕಲ್ಲುಗಳೂ ಏಳುವುದಿಲ್ಲ. ಕೆಲವು ಕಂಟ್ರೋಲರುಗಳು ಡಿಸ್‌ಪ್ಲೇ ಇಲ್ಲದಿದ್ದರೆ ಯಾವುದೋ ಒಂದೇ ಅಸಿಸ್ಟ್ ಲೆವೆಲ್ಲಿನಲ್ಲಿ ಓಡುತ್ತವೆ. ಕೆಲವಕ್ಕೆ ಥ್ರಾಟಲ್ ಮಾತ್ರ ಕೆಲಸ ಮಾಡುತ್ತದೆ. ಇನ್ನು ಕೆಲವು ಡಿಸ್‌ಪ್ಲೇಯಿಂದ ಸಂದೇಶ ಬಾರದೆ ಅಲುಗಾಡುವುದೇ ಇಲ್ಲ. ವೈರಿನ ಬಣ್ಣಗಳೂ ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ, ಬಣ್ಣ ನಂಬಿ ಜೋಡಿಸುವಂತಿಲ್ಲ. ಅದೇ ಪುಟ್ಟ ಕನೆಕ್ಟರಿನಲ್ಲಿ ಬ್ಯಾಟರಿಯ ಪೂರ್ತಿ ವೋಲ್ಟೇಜೂ ಸಂದೇಶದ ಸೂಕ್ಷ್ಮ ವೈರುಗಳೂ ಮಗ್ಗುಲು ಮಗ್ಗುಲಲ್ಲಿ ಇರುತ್ತವೆ. ಒಂದಕ್ಕೊಂದು ತಾಗಿದರೆ ಕಂಟ್ರೋಲರೇ ಸುಟ್ಟುಹೋಗಬಹುದು. ಮೀಟರ್ ಹಿಡಿಯಲು ಬರುವವರ ಕೈಗೇ ಈ ಕೆಲಸ ಒಪ್ಪಿಸಬೇಕು.

ಸವಾರಿಯಲ್ಲಿ ಆದ ಬದಲಾವಣೆ ನನಗೆ ಬಹಳ ಹಿಡಿಸಿತು. ಸಾಮಾನ್ಯ ಇ-ಸೈಕಲ್ಲಿನಲ್ಲಿ ಪೆಡಲಿನ ಅಚ್ಚಿಗೆ ಆಯಸ್ಕಾಂತದ ಚೂರುಗಳಿರುವ ಒಂದು ಬಿಲ್ಲೆ ಇರುತ್ತದೆ, ಅದರ ಮಗ್ಗುಲಲ್ಲಿ ಒಂದು ಹಾಲ್ ಸೆನ್ಸರ್. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ತತ್ವದ ಮೇಲೆ ಕೆಲಸ ಮಾಡುವ ಈ ಸೆನ್ಸರಿಗೆ ಪೆಡಲು ತಿರುಗುತ್ತಿದೆಯೇ ಎಂಬುದಷ್ಟೇ ಗೊತ್ತಾಗುತ್ತದೆ, ಕಾಲು ಎಷ್ಟು ಒತ್ತುತ್ತಿದೆ ಎಂಬುದಲ್ಲ. ಎಷ್ಟು ಬಲ ಕೊಡಬೇಕೆಂದು ಮೊದಲು ಹೆಬ್ಬೆರಳಿನಿಂದ ಗುಂಡಿ ಒತ್ತಿ ಹೇಳುತ್ತಿದ್ದೆ. ಈಗ ಲೆವೆಲ್ ಒಂದೇ, ಹೆಚ್ಚು ಕಡಿಮೆ ಮಾಡಬೇಕಾದ್ದು ನನ್ನ ಕಾಲು ಮತ್ತು ಗೇರು. ಕುಕ್ಕರಹಳ್ಳಿ ಕೆರೆಯ ಕಡೆ ಸಮತಟ್ಟು ರಸ್ತೆಯಲ್ಲಿ ಪೆಡಲು ನಿಲ್ಲಿಸಿದರೆ ಮೋಟಾರೂ ನಿಲ್ಲುತ್ತದೆ, ಸೈಕಲ್ಲು ತೇಲಿಕೊಂಡು ಹೋಗುತ್ತದೆ. ಚಾಮುಂಡಿ ಬೆಟ್ಟದ ಏರಿನಲ್ಲಿ ಕಿವಿಗೆ ಕೆಲಸ. ವೇಗ ಇಳಿದಂತೆ ಮೋಟಾರಿನ ದನಿ ದಪ್ಪವಾಗುತ್ತದೆ. ಹಬ್ ಮೋಟಾರು ತೀರಾ ನಿಧಾನಕ್ಕೆ ತಿಣುಕುವಾಗ ಬ್ಯಾಟರಿಯ ಶಕ್ತಿಯಲ್ಲಿ ದೊಡ್ಡ ಪಾಲು ಶಾಖವಾಗಿ ಪೋಲಾಗುತ್ತದೆ, ಒಳಗಿನ ಸುರುಳಿ ಕಾಯುತ್ತದೆ. ದನಿ ದಪ್ಪವಾದ ಕೂಡಲೇ ಗೇರು ಇಳಿಸಿ ಕಾಲಿನ ಪಾಲು ಹೆಚ್ಚಿಸಿದರೆ ದನಿ ಮತ್ತೆ ತಿಳಿಯಾಗುತ್ತದೆ. ಡಿಸ್‌ಪ್ಲೇ ಇದ್ದಾಗ ಕಣ್ಣು ಅಂಕಿಯ ಮೇಲಿತ್ತು, ಈ ದನಿ ಅಷ್ಟು ಸ್ಪಷ್ಟವಾಗಿ ಕಿವಿಗೆ ಬಿದ್ದಿರಲಿಲ್ಲ.

ಬ್ಯಾಟರಿ ಎಷ್ಟಿದೆ ಎಂದು ತಿಳಿಯುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಡಿಸ್‌ಪ್ಲೇಯಲ್ಲಿ ಕಾಣುವ ಬ್ಯಾಟರಿಯ ಕಡ್ಡಿಗಳು ಬಹುಮಟ್ಟಿಗೆ ವೋಲ್ಟೇಜ್ ನೋಡಿ ಹಾಕಿದ ಅಂದಾಜು. 36 ವೋಲ್ಟಿನ ಬ್ಯಾಟರಿಯಲ್ಲಿ ಹತ್ತು ಲಿಥಿಯಂ ಸೆಲ್ಲುಗಳು ಸಾಲಾಗಿರುತ್ತವೆ. ತುಂಬಿದಾಗ 42 ವೋಲ್ಟ್, ಖಾಲಿಯಾಗುವ ಹೊತ್ತಿಗೆ ಸುಮಾರು 30. ಈ ಇಳಿತ ಒಂದೇ ಸಮನಲ್ಲ. ನಡುವೆ ಬಹಳ ದೂರ ಹೆಚ್ಚುಕಡಿಮೆ ಮಟ್ಟಸವಾಗಿದ್ದು ಕೊನೆಗೆ ದಡಬಡನೆ ಕುಸಿಯುತ್ತದೆ. ಜೊತೆಗೆ ಮೋಟಾರು ಹೆಚ್ಚು ಕರೆಂಟು ಎಳೆದಾಗ ವೋಲ್ಟೇಜ್ ತಾತ್ಕಾಲಿಕವಾಗಿ ತಗ್ಗುತ್ತದೆ, ಅದಕ್ಕೇ ಏರಿನಲ್ಲಿ ಎರಡು ಕಡ್ಡಿ ಮಾಯವಾಗಿ, ಇಳಿಜಾರಿನಲ್ಲಿ ಮತ್ತೆ ಮೂಡುವುದು. ಈಗ ಹೊರಡುವ ಮುನ್ನ ಬ್ಯಾಟರಿಯ ಮೈಮೇಲಿನ ಗುಂಡಿ ಒತ್ತಿ ದೀಪ ನೋಡುತ್ತೇನೆ. ಇನ್ನೂ ಖಚಿತವಾಗಿ ಬೇಕೆಂದವರು ಚಿಕ್ಕದೊಂದು ವೋಲ್ಟ್ ಮೀಟರ್ ಕೂರಿಸಿಕೊಳ್ಳಬಹುದು. 36 ವೋಲ್ಟ್, 10 ಆಂಪಿಯರ್-ಅವರ್ ಎಂದರೆ 360 ವಾಟ್-ಅವರ್. ಕಾಲೂ ದುಡಿಯುತ್ತಿದ್ದರೆ ಕಿಲೋಮೀಟರಿಗೆ 10ರಿಂದ 15 ವಾಟ್-ಅವರ್ ಸಾಕು. ಈ ಲೆಕ್ಕ ತಲೆಯಲ್ಲಿದ್ದರೆ ಊರೊಳಗಿನ ಓಡಾಟಕ್ಕೆ ಕಡ್ಡಿ ಎಣಿಸುವ ಆತಂಕ ಇರುವುದಿಲ್ಲ.

ಎರಡು ವಿಷಯದಲ್ಲಿ ಮಾತ್ರ ಸಡಿಲ ಬಿಡುವಂತಿಲ್ಲ. ಬ್ರೇಕ್ ಹಿಡಿದಾಗ ಮೋಟಾರು ನಿಲ್ಲಿಸುವ ಕಟ್-ಆಫ್ ವೈರು ಬೇರೆ ಕನೆಕ್ಟರಿನದು, ಅದನ್ನು ಮುಟ್ಟಬಾರದು. ಇನ್ನೊಂದು ವೇಗ. ನಮ್ಮ ದೇಶದ ನಿಯಮದ ಪ್ರಕಾರ ಮೋಟಾರಿನ ಶಕ್ತಿ 250 ವಾಟಿನ ಒಳಗೆ, ವೇಗ ಗಂಟೆಗೆ 25 ಕಿಲೋಮೀಟರಿನ ಒಳಗೆ ಇದ್ದರೆ ಅದು ಮೋಟಾರು ವಾಹನ ಅನ್ನಿಸಿಕೊಳ್ಳುವುದಿಲ್ಲ, ನೋಂದಣಿ ಬೇಕಿಲ್ಲ. ಕೆಲವು ಸೈಕಲ್ಲುಗಳಲ್ಲಿ ಈ ಮಿತಿಯನ್ನು ಡಿಸ್‌ಪ್ಲೇಯಲ್ಲೇ ಹೊಂದಿಸಿರುತ್ತಾರೆ. ಅದನ್ನು ಬಿಚ್ಚಿದ ಮೇಲೆ ಖಾಲಿ ರಸ್ತೆಯಲ್ಲಿ ಫೋನಿನ ಜಿಪಿಎಸ್ ಇಟ್ಟು ವೇಗ ಪರೀಕ್ಷಿಸಿ ನೋಡಲೇಬೇಕು. ಮಿತಿ ಮುರಿಯುವುದಕ್ಕೆ ಇದೊಂದು ದಾರಿಯಾಗಬಾರದು.

ಅಪ್ಪಣೆಯ ಅಧಿಕಾರ ಗಾಡಿಯಿಂದ ಆಚೆ ಹೋದರೆ ಏನಾಗುತ್ತದೆ ಎಂಬುದನ್ನು ಯೂರೋಪು ಕಂಡಿದೆ. ನೆದರ್ಲೆಂಡ್ಸಿನ ವ್ಯಾನ್‌ಮೂಫ್ ಕಂಪನಿ 2023ರ ಜುಲೈಯಲ್ಲಿ ದಿವಾಳಿಯೆದ್ದಿತು. ಅದರ ಸೈಕಲ್ಲುಗಳು ಫೋನಿನ ಆ್ಯಪ್ ಜೊತೆ ಬೆಸೆದುಕೊಂಡಿದ್ದವು, ಡಿಜಿಟಲ್ ಕೀಲಿ ಬರುತ್ತಿದ್ದದ್ದು ಕಂಪನಿಯ ಸರ್ವರಿನಿಂದ. ಸರ್ವರ್ ನಿಂತುಹೋದರೆ ತಮ್ಮ ಸೈಕಲ್ಲಿನ ಬೀಗ ತಮಗೇ ತೆರೆಯದೆ ಹೋದೀತೆಂದು ಜನ ಗಾಬರಿಗೊಂಡರು. ಕೊನೆಗೆ ಬೆಲ್ಜಿಯಂನ ಕೌಬಾಯ್ ಎಂಬ ಎದುರಾಳಿ ಕಂಪನಿಯೇ, ಆ ಕೀಲಿಗಳನ್ನು ತೆಗೆದಿಟ್ಟುಕೊಳ್ಳುವಂತೆ ಒಂದು ಆ್ಯಪ್ ಮಾಡಿ ಬಿಟ್ಟಿತು. ಹ್ಯಾಂಡಲ್ ಮೇಲಿನ ಗಾಜಿನಲ್ಲಿ ನಾನು ಕಂಡ ತೊಡಕೇ ಅಲ್ಲಿ ಒಂದು ಊರಿನಷ್ಟು ಜನಕ್ಕೆ ಎದುರಾಗಿತ್ತು.

ಸೈಕಲ್ಲು ಬಡವರ ವಾಹನವಾಗಿ ಇಷ್ಟು ಕಾಲ ಬಾಳಿದ್ದು ಯಾವ ಊರಿನ ಯಾವ ಶಾಪಿನಲ್ಲಾದರೂ ಅದನ್ನು ಬಿಚ್ಚಿ ಕಟ್ಟಬಹುದಾದ್ದರಿಂದ. ಮೋಟಾರು ಸೇರಿದ ಮಾತ್ರಕ್ಕೆ ಆ ಗುಣ ಹೋಗಬೇಕಾಗಿಲ್ಲ. ಕಂಪನಿಗಳು ಕನೆಕ್ಟರಿನ ಪಿನ್ನುಗಳ ವಿವರವನ್ನು ಮ್ಯಾನ್ಯುಯಲ್‌ನಲ್ಲಿ ಅಚ್ಚು ಹಾಕಿಸಲಿ, ಡಿಸ್‌ಪ್ಲೇ ಸತ್ತರೂ ಮನೆ ಮುಟ್ಟಿಸುವಷ್ಟು ಒಂದು ಲೆವೆಲ್ಲನ್ನು ಕಂಟ್ರೋಲರಿನಲ್ಲೇ ಇಡಲಿ. ಇದು ದೊಡ್ಡ ಖರ್ಚಿನ ಬಾಬತ್ತಲ್ಲ. ಕೊಳ್ಳುವ ನಾವೂ ಬ್ಯಾಟರಿ ಎಷ್ಟು ದೂರ ಬರುತ್ತದೆ, ಬೆಲೆ ಎಷ್ಟು ಎಂದು ಕೇಳಿ ಸುಮ್ಮನಾಗಬಾರದು. ಡಿಸ್‌ಪ್ಲೇ ಕೆಟ್ಟರೆ ಇದು ಓಡುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಬೇಕು, ಬಿಚ್ಚಿ ತೋರಿಸಿ ಎನ್ನಬೇಕು. ಹತ್ತು ಜನ ಕೇಳಿದ ಪ್ರಶ್ನೆ ಅಂಗಡಿಯಿಂದ ಕಂಪನಿಗೆ ತಲುಪದೆ ಇರುವುದಿಲ್ಲ.