ಜಟೆ ಬಿಡುವ ಮುನ್ನ

ಡ್ರೆಡ್‌ಲಾಕ್ಸ್ ಮಾಡಿಸಿಕೊಳ್ಳಬೇಕೆಂದಿರುವವರು ಸಾಮಾನ್ಯವಾಗಿ ಕೇಳುವುದು ಅದನ್ನು ಕಟ್ಟುವುದು ಹೇಗೆ, ಎಷ್ಟು ಖರ್ಚು, ತಮ್ಮ ಮುಖಕ್ಕೆ ಒಪ್ಪುತ್ತದೆಯೇ ಎಂದು. ತೆಗೆಯುವುದು ಹೇಗೆ ಎಂಬ ಪ್ರಶ್ನೆ ಕೊನೆಗೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದದ್ದು ಅದನ್ನೇ. ಬೇಡವೆನಿಸಿದ ದಿನ ಇಳಿಸಲು ಆಗುವಂತಿದ್ದರೆ ಮಾತ್ರ ತಲೆಯ ಮೇಲಿನ ಜಟೆಯನ್ನು ಆಯ್ಕೆ ಎನ್ನಬಹುದು. ಬರಿಯ ಕೂದಲಿನ ಲೆಕ್ಕದಲ್ಲೇ ಇದು ನಿಜ. ನಮ್ಮಲ್ಲಿ ಹೆಚ್ಚಿನವರ ಕೂದಲು ನೇರವಾದದ್ದು, ಇಲ್ಲವೇ ಅಲೆಯಲೆಯಾದದ್ದು. ಆಫ್ರಿಕಾ ಮೂಲದವರ ಬಿಗಿಯಾದ ಗುಂಗುರು ಕೂದಲಿನಷ್ಟು ಸುಲಭವಾಗಿ ತನ್ನೊಳಗೆ ತಾನು ಹೆಣೆದುಕೊಳ್ಳುವುದಿಲ್ಲ. ಅದಕ್ಕೇ ಪಾರ್ಲರಿನಲ್ಲಿ ಅದನ್ನು ತುದಿಯಿಂದ ಬುಡದ ಕಡೆಗೆ ಬಾಚಿ ಸಿಕ್ಕು ಮಾಡಿ, ಕ್ರೋಶಾ ಕಡ್ಡಿಯಿಂದ ಎಳೆಗಳನ್ನು ಒಳಕ್ಕೆಳೆದು ಬಿಗಿ ಮಾಡುತ್ತಾರೆ. ಅದು ಗಟ್ಟಿಯಾಗಿ ನಿಲ್ಲಲು ತಿಂಗಳುಗಳು ಬೇಕು, ಹಲವರಿಗೆ ವರ್ಷಕ್ಕೂ ಹೆಚ್ಚು. ಮನುಷ್ಯನ ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಜಟೆಯಲ್ಲಿ ಅವು ಕೆಳಗೆ ಬೀಳದೆ ಒಳಗೇ ಸಿಕ್ಕಿಕೊಳ್ಳುತ್ತವೆ. ಹೀಗಾಗಿ ಜಟೆ ವರ್ಷ ಕಳೆದಂತೆ ಭಾರವಾಗುತ್ತದೆ, ಬಿಡಿಸುವುದು ಕಷ್ಟವಾಗುತ್ತದೆ. ಹೊಸದಾಗಿದ್ದಾಗ ಕಂಡಿಷನರ್ ಹಚ್ಚಿ, ತಾಳ್ಮೆಯಿಂದ ಕೂತು, ತುದಿಯಿಂದ ಬಿಡಿಸುತ್ತ ಬರಬಹುದು. ಹಳೆಯದಾದರೆ ಹೆಚ್ಚಿನ ವೇಳೆ ಕತ್ತರಿಯೇ ಗತಿ.

ಕರ್ನಾಟಕದಲ್ಲಿ ಈ ಮಾತು ಕೂದಲಿಗೇ ಮುಗಿಯುವುದಿಲ್ಲ. ಸವದತ್ತಿ ಯಲ್ಲಮ್ಮನಿಗೆ ನಡೆದುಕೊಳ್ಳುವ ಬೆಳಗಾವಿ, ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ, ಗಡಿಯಾಚೆಯ ಮಹಾರಾಷ್ಟ್ರದಲ್ಲಿ ಕೂಡ, ಹೆಣ್ಣಿನ ತಲೆಯಲ್ಲಿ ತಾನಾಗಿ ಜಡೆಗಟ್ಟಿತೆಂದರೆ ಅದು ದೇವಿಯ ಕರೆ ಎಂಬ ನಂಬಿಕೆ ಇದೆ. ದಿನವಿಡೀ ಹೊಲಗೆಲಸ ಮಾಡುವವಳಿಗೆ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಳ್ಳಲು ಪುರುಸೊತ್ತಿಲ್ಲ. ಬಾಣಂತನದಲ್ಲೋ ಕಾಯಿಲೆಯಲ್ಲೋ ವಾರಗಟ್ಟಲೆ ಮಲಗಿದರೆ ಕೂದಲು ಗಂಟಾಗುತ್ತದೆ. ಅದನ್ನು ಬಿಡಿಸುವ ಬದಲು ಭಂಡಾರ ಹಚ್ಚಿ ಪೂಜಿಸುತ್ತಾರೆ. ಕತ್ತರಿಸಿದರೆ ಮನೆಗೆ ಕೇಡು, ರಕ್ತ ಕಾರಿಕೊಂಡು ಸಾಯುತ್ತಾರೆ ಎಂಬ ಭಯವನ್ನು ತುಂಬುತ್ತಾರೆ. ಆಕೆ ಭಾರವಾದ ಜಡೆಯನ್ನು ಹೊತ್ತು ಕತ್ತುನೋವು, ಹೇನು, ತುರಿಕೆಗಳ ಜೊತೆ ದಶಕಗಳನ್ನು ಕಳೆಯುತ್ತಾಳೆ. ಎಷ್ಟೋ ಹುಡುಗಿಯರಿಗೆ, ಅದರಲ್ಲೂ ದಲಿತ ಕುಟುಂಬಗಳ ಹುಡುಗಿಯರಿಗೆ, ಮುತ್ತು ಕಟ್ಟಿ ದೇವರಿಗೆ ಬಿಡಲು ಈ ಜಡೆಯೇ ಕಾರಣವಾಯಿತು. ಹಾಗೆ ದೇವರಿಗೆ ಬಿಡುವುದನ್ನು ನಿಷೇಧಿಸಿದ ರಾಜ್ಯದ ಕಾಯ್ದೆ 1982ರದು. ಮುತ್ತು ಕಟ್ಟುವುದನ್ನು ಕಾಯ್ದೆ ಅಪರಾಧವೆಂದಿತು. ತಲೆಯಲ್ಲಿ ಕೂತ ಭಯವನ್ನು ಕಾಯ್ದೆ ಮುಟ್ಟುವುದಿಲ್ಲ.

ನನ್ನ ತಲೆ, ನನ್ನ ಕೂದಲು, ಸವದತ್ತಿಯ ಹೆಂಗಸಿನ ಸಂಕಟಕ್ಕೂ ಬೆಂಗಳೂರಿನ ಪಾರ್ಲರಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ನಗರದಲ್ಲಿ ಒಬ್ಬರು ಜಟೆ ಬಿಟ್ಟರೆ ಆಕೆಯ ಭಾರವೇನೂ ಹೆಚ್ಚುವುದಿಲ್ಲ, ಹಾಗಾಗಿ ಬಿಡಬೇಡಿ ಎಂದು ನಾನು ಹೇಳುತ್ತಿಲ್ಲ. ನಾನು ಹೇಳುತ್ತಿರುವುದು ಇಷ್ಟೇ: ಒಂದೇ ಬಗೆಯ ಗಂಟು ಒಬ್ಬರಿಗೆ ಅಲಂಕಾರ, ಇನ್ನೊಬ್ಬರಿಗೆ ಸೆರೆ ಆಗುವುದು ಅದನ್ನು ತೆಗೆಯುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದರಿಂದ. ಈ ಅಧಿಕಾರ ಎದುರು ದಿಕ್ಕಿನಿಂದಲೂ ಕೈತಪ್ಪುತ್ತದೆ. ಜಮೈಕಾದ ರಾಸ್ತಫಾರಿಗಳಿಗೆ ಜಟೆ ಧರ್ಮದ ಗುರುತು. 1963ರ ಏಪ್ರಿಲ್‌ನಲ್ಲಿ ಕೋರಲ್ ಗಾರ್ಡನ್ಸ್‌ನಲ್ಲಿ ನಡೆದ ಘರ್ಷಣೆಯ ಬೆನ್ನಲ್ಲೇ ಅಲ್ಲಿನ ಪೊಲೀಸರು ಸಿಕ್ಕಸಿಕ್ಕ ರಾಸ್ತಫಾರಿಗಳನ್ನು ಹಿಡಿದು ಹೊಡೆದರು, ಹಲವರ ಜಟೆಯನ್ನು ಬಲವಂತವಾಗಿ ಕತ್ತರಿಸಿದರು. ಪ್ರಧಾನಿ ಆಂಡ್ರೂ ಹೋಲ್ನೆಸ್ ಸರ್ಕಾರದ ಪರವಾಗಿ ಕ್ಷಮೆ ಕೇಳಿದ್ದು 2017ರಲ್ಲಿ. ನಮ್ಮಲ್ಲೂ ಈ ಪ್ರಶ್ನೆ ಇದೆ. ಉತ್ತರ ಕರ್ನಾಟಕದಲ್ಲಿ ಯಲ್ಲಮ್ಮನಿಗೆ ಬಿಟ್ಟ ಜೋಗತಿಯರ ನಡುವೆ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞೆ ಲುಸಿಂಡಾ ರ‍್ಯಾಂಬರ್ಗ್, ಜಡೆ ಕತ್ತರಿಸುವ ಸುಧಾರಕರನ್ನೂ ಪ್ರಶ್ನಿಸಿ ಬರೆದಿದ್ದಾರೆ. ಅವರು ಎತ್ತುವ ಎಲ್ಲ ಪ್ರಶ್ನೆಗಳಿಗೂ ನನ್ನ ಸಹಮತವಿಲ್ಲ. ಭಯದಲ್ಲಿ ಹೊತ್ತ ಭಾರವನ್ನು ಇಳಿಸಲು ನೆರವಾಗುವವರು ದೊಡ್ಡ ಕೆಲಸವನ್ನೇ ಮಾಡುತ್ತಿದ್ದಾರೆ. ಆದರೆ ಜಡೆ ಹೊತ್ತವಳನ್ನು ಕೂರಿಸಿಕೊಂಡು ಮಾತಾಡಿ, ಆಕೆ ಒಪ್ಪಿದ ಮೇಲೆ ಹಿಡಿಯುವ ಕತ್ತರಿ ಬೇರೆ, ಕೈಕಾಲು ಹಿಡಿದು ಆಡಿಸುವ ಕತ್ತರಿ ಬೇರೆ.

ಜಟೆ ನಮ್ಮದೇ ಪರಂಪರೆ, ಶಿವನಿಂದ ಹಿಡಿದು ಕುಂಭಮೇಳದ ಸಾಧುಗಳ ತನಕ ಅದಕ್ಕೆ ಮರ್ಯಾದೆ ಇದೆ, ತೆಗೆಯುವ ಮಾತೇಕೆ ಎನ್ನುವವರೂ ಇದ್ದಾರೆ. ಮರ್ಯಾದೆ ಇರುವುದು ನಿಜವೇ. ಆದರೆ ವಾಲ್ಮೀಕಿ ರಾಮಾಯಣದಲ್ಲಿ ಗಂಗೆಯ ದಡದಲ್ಲಿ ಗುಹನಿಂದ ಆಲದ ಹಾಲು ತರಿಸಿ ಜಟೆ ಕಟ್ಟಿಕೊಂಡ ರಾಮ, 14 ವರ್ಷ ಕಳೆದು ಮರಳಿದಾಗ ಪಟ್ಟಾಭಿಷೇಕಕ್ಕೆ ಮೊದಲು ಕ್ಷೌರಿಕರನ್ನು ಕರೆಸಿ ಅದನ್ನು ತೆಗೆಸುತ್ತಾನೆ. ಭರತನೂ ಹಾಗೆಯೇ. ವ್ರತಕ್ಕೆ ಆರಂಭವಿದ್ದಂತೆ ಮುಕ್ತಾಯವೂ ಇತ್ತು.

ಜಟೆ ಬಿಡುವುದೇ ಎಂದು ನಿಶ್ಚಯಿಸಿದವರಿಗೆ ಉಳಿದ ಸಂಗತಿಗಳು ಸರಳ. ಜಟೆಗೆ ನೀರು ತಾಗಬಾರದೆಂಬ ಮಾತನ್ನು ನಂಬಬಾರದು. ನೆತ್ತಿಯನ್ನು ತೊಳೆಯಲೇಬೇಕು, ತೊಳೆದ ಮೇಲೆ ಬುಡದ ತನಕ ಒಣಗಿಸಲೇಬೇಕು. ದಪ್ಪ ಕಂಬಳಿಯಂತೆ ಅದು ಹೊರಗೆ ಒಣಗಿದರೂ ಒಳಗೆ ಒದ್ದೆಯಾಗಿಯೇ ಇರುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ರಾತ್ರಿ ತಲೆಸ್ನಾನ ಮಾಡಿ ಹಾಗೇ ಮಲಗಿದರೆ ಬೂಷ್ಟು ಹಿಡಿಯುತ್ತದೆ, ಆ ವಾಸನೆ ಸುಲಭಕ್ಕೆ ಹೋಗುವುದಿಲ್ಲ. ಪಾರ್ಲರಿನವರು ಮೇಣ ಹಚ್ಚುತ್ತೇವೆ ಎಂದರೆ ಬೇಡವೆನ್ನಿ. ಅದು ಒಳಗೇ ಕೂತು ಕೊಳೆಯನ್ನು ಹಿಡಿದಿಡುತ್ತದೆ. ಕೆಲಸದ ಜಾಗದಲ್ಲಿ ಯಾರಾದರೂ ತಕರಾರು ತೆಗೆದರೆ ಏನು ಮಾಡುವಿರಿ ಎಂಬುದನ್ನೂ ಮೊದಲೇ ಯೋಚಿಸಿರಬೇಕು. ಎಲ್ಲಕ್ಕಿಂತ ಹೆಚ್ಚು ಕಣ್ಣಿಡಬೇಕಾದದ್ದು ಹಣೆಯಂಚು ಮತ್ತು ಕಣತಲೆಯ ಕೂದಲಿನ ಮೇಲೆ. ಬಿಗಿ ಎಳೆತ ಮೊದಲು ಅಲ್ಲೇ ಕೂದಲನ್ನು ತೆಳುವಾಗಿಸುತ್ತದೆ. ಆರಂಭದಲ್ಲೇ ಎಳೆತ ತಪ್ಪಿಸಿದರೆ ಕೂದಲು ಮತ್ತೆ ಹುಟ್ಟುತ್ತದೆ. ವರ್ಷಗಟ್ಟಲೆ ಬಿಟ್ಟರೆ ಬೇರೇ ಸತ್ತು ಆ ಜಾಗ ಬೋಳಾಗಿ ಉಳಿಯುತ್ತದೆ. ಅಲ್ಲಿ ನೋವು, ಸಣ್ಣ ಗುಳ್ಳೆ, ತೆಳುವಾಗುವಿಕೆ ಕಂಡರೆ ಎಷ್ಟೇ ಚೆನ್ನಾಗಿ ಕೂತ ಜಟೆಯಾದರೂ ಸರಿ, ತಡಮಾಡದೆ ಕತ್ತರಿಸಿ, ಚರ್ಮದ ವೈದ್ಯರಿಗೆ ತೋರಿಸಬೇಕು.