ಇಬ್ರು ಗೆಳತ್ಯಾರ ತಾಳ

ಮಗಳು ಹಚ್ಚೋ ಡ್ರಮ್ ಆ್ಯಂಡ್ ಬೇಸ್ ಮೊದಲ ನನಗ ಬರೇ ಗದ್ದಲ ಅನಸ್ತಿತ್ತು. ನಿಮಿಷಕ್ಕ 170ರ ಹತ್ರ ಬಡಿತ ನೋಡ್ರಿ! ಕೆಮಿಸ್ಟ್ರಿ, ಸ್ಟಾರ್ಮ್ ಅನ್ನೋ ಇಬ್ರು ಗೆಳತ್ಯಾರ ಕಥಿ ತಿಳದ ಮ್ಯಾಲೆ ಕಿವಿಗೊಟ್ಟು ಕೇಳಲಿಕ್ಕೆ ಹತ್ತೇನಿ.

ಇಂಗ್ಲಂಡಿನವ್ರು. ಕೆಮಿಸ್ಟ್ರಿ ಮೇಕಪ್ ಮಾಡೋಕಿ, ಸ್ಟಾರ್ಮ್ ಆಸ್ಪತ್ರ್ಯಾಗ ಎಕ್ಸ್‌ರೇ ತಗಿಯೋಕಿ. ಇಬ್ರೂ ಕೂಡೇ ಡಿಜೆ ಆದ್ರು. ಒಂದು ರೆಕಾರ್ಡ್ ಮುಗಿಯೂದರೊಳಗ ಇನ್ನೊಂದರ ತಾಳ ಕೂಡಿಸಿ ಒಳಗ ಬಿಡಬೇಕಂತ. ನೆಗೆಣ್ಣ್ಯಾರಿಬ್ರು ರೊಟ್ಟಿ ಬಡಿಯೂಮುಂದ ಸಪ್ಪಳ ಕೂಡ್ತದಲ್ಲ, ಹಂಗ.

ಗೋಲ್ಡಿಗೆ ಈ ಸಂಗೀತದ ರುಚಿ ಹಚ್ಚಿದಾಕಿ ಕೆಮಿಸ್ಟ್ರೀನ. 1994ರಾಗ ಮೂವರೂ ಕೂಡಿ ಮೆಟಲ್‌ಹೆಡ್ಜ್ ಕಂಪನಿ ಕಟ್ಟಿದ್ರು. ಹೆಸರು ಮಾತ್ರ ಗೋಲ್ಡೀದ ದೊಡ್ಡದಾತು. ಅದೇನ್ ಹೊಸಾದಲ್ಲ ಬಿಡ್ರಿ.

1999ರಾಗ ಇವರಿಬ್ರ ‘ಡಿಜೆ-ಕಿಕ್ಸ್’ ಬಂತು. ಅದ ವರ್ಷ ಏಪ್ರಿಲ್ 25ರ ನಸುಕಿನ್ಯಾಗ, ಕಾರ್ಯಕ್ರಮ ಮುಗಿಸಿ ಬರೂಮುಂದ, ಮುಂದಿನ ವ್ಯಾನಿನ ಗಾಲಿಗೆ ಸಿಕ್ಕು ರಸ್ತಾದಾಗಿನ ಹೊಳಿಯೋ ಗುರುತು ಕಿತ್ತು, ಇವರ ಕಾರಿನ ಗಾಜು ಒಡದು ಒಳಗ ಬಂತು. ಕೆಮಿಸ್ಟ್ರಿ ಹೋದಳು, 35 ವರ್ಷದಾಕಿ. ಅದ ಕಾರಿನ್ಯಾಗ ಸ್ಟಾರ್ಮೂ ಇದ್ದಳು.

ಆಮ್ಯಾಲೆ ಸ್ಟಾರ್ಮ್ ಒಬ್ಬಾಕೀನ ನಿಂತು ರೆಕಾರ್ಡ್ ಹಚ್ಚಿದಳು, ಎಷ್ಟೋ ವರ್ಷ. ಹೆಂಗ ಕೈ ಬಂತೋ ಆಕಿಗೆ! ನಮ್ಮ ನೆಗೆಣ್ಣಿ ಹೋಗಿ ಮೂರು ವರ್ಷಾತು, ನನಗ ಒಬ್ಬಾಕಿಗೆ ರೊಟ್ಟಿ ಬಡಿಯೋ ತಾಳ ಇನ್ನೂ ಕೂಡವಲ್ದು.