ಮಗನನ್ನು ಒಪ್ಪಿಸಿಕೊಟ್ಟೆವು

ಮಗಳನ್ನು ದೂರದೂರಿಗೆ ಕೊಟ್ಟವರು ನಮ್ಮ ಸಂಘದಲ್ಲಿ ಎಷ್ಟೋ ಮಂದಿ ಇದ್ದೀರಿ. ಮಗನನ್ನು ಕೊಟ್ಟವರು ಬಹುಶಃ ನಾವೊಬ್ಬರೇ. ನಮ್ಮ ಹಿರಿಯ ಮಗ ಹೆಂಡತಿಯ ತೌರೂರಿನಲ್ಲಿ, ಫಿಲಿಪ್ಪೀನ್ಸ್ ದೇಶದ ಲಗೂನಾ ಪ್ರಾಂತದಲ್ಲಿ ನೆಲೆಸಿ ಆರು ವರ್ಷಗಳಾದವು.

ದುಬೈಯಲ್ಲಿ ಕೆಲಸಕ್ಕಿದ್ದಾಗ ಅವನು ಮೆಚ್ಚಿದ ಹುಡುಗಿ ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಮದುವೆಯಾದ ಮೇಲೆ ಇಬ್ಬರೂ ಗೋರೆಗಾಂವಿನ ನಮ್ಮ ಮನೆಗೆ ಬರುತ್ತಾರೆಂದೇ ನಾವು ಎಣಿಸಿದ್ದೆವು. ಆದರೆ ಅವಳು ಆ ಮನೆಯ ಹಿರಿಯ ಮಗಳು. ತಂದೆಗೆ ಪಾರ್ಶ್ವವಾಯು, ತಮ್ಮಂದಿರು ಇನ್ನೂ ಚಿಕ್ಕವರು. "ಇಲ್ಲಿ ನಿಮಗೆ ತಮ್ಮ ಇದ್ದಾನಮ್ಮಾ, ಅಲ್ಲಿ ಅವರಿಗೆ ಯಾರೂ ಇಲ್ಲ" ಎಂದ. ನಮ್ಮವರು ಎರಡು ದಿನ ಮಾತೇ ಆಡಲಿಲ್ಲ. ನೆಂಟರಿಷ್ಟರು ಮಾತ್ರ "ಮನೆಯಳಿಯನಾಗಿ ಹೋದನಂತೆ!" ಎಂದು ಸಾಕಷ್ಟು ಮಾತಾಡಿದರು. ಆ ಮಾತಿನ ಚುಚ್ಚು ಎಂಥದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಗ ನನಗೆ ನನ್ನದೇ ಕಥೆ ನೆನಪಾಯಿತು. ೧೯೮೧ರಲ್ಲಿ ಕುಂದಾಪುರದ ಕಡೆಯಿಂದ ಪರೇಲಿನ ಚಾಳಿನ ಒಂದೂವರೆ ಕೋಣೆಗೆ ಸೊಸೆಯಾಗಿ ಬಂದವಳು ನಾನು. ಕೊಂಕಣ ರೈಲು ಇಲ್ಲದ ಕಾಲ, ಬಸ್ಸಿನಲ್ಲಿ ಕುಳಿತು ಸೊಂಟ ಮುರಿದಿತ್ತು. ಮರಾಠಿ ಒಂದಕ್ಷರ ಬಾರದು. ನಲ್ಲಿಯ ಸಾಲಿನಲ್ಲಿ ನಿಂತು ಭಾಷೆ ಕಲಿತೆ, ಅತ್ತೆಯವರ ಕೈರುಚಿಗೆ ನನ್ನ ಸಾರನ್ನು ಬದಲಿಸಿಕೊಂಡೆ. ಅಯ್ಯೋ ಪಾಪ ಎಂದು ಯಾರೂ ಮರುಗಲಿಲ್ಲ. ಹೆಣ್ಣಾದವಳು ಹೋಗುವುದೇ ಪದ್ಧತಿ. ಹೆಣ್ಣು ಹೋದರೆ ಸಂಸಾರ, ಗಂಡು ಹೋದರೆ ಅವಮಾನ, ಇದೆಲ್ಲಿಯ ನ್ಯಾಯ?

ಮೂರು ವರ್ಷಗಳ ಹಿಂದೆ ಮನಸ್ಸು ಗಟ್ಟಿಮಾಡಿ ಇಬ್ಬರೂ ಹೋಗಿ ಒಂದು ತಿಂಗಳು ಇದ್ದು ಬಂದೆವು. ಅವರ ಊರು ಲಾಸ್ ಬಾನ್ಯೋಸಿಗೆ ಹತ್ತಿರ. ೧೯೬೦ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇರುವುದು ಅಲ್ಲೇ. ಊರಲ್ಲಿ ಗದ್ದೆ ಇದ್ದ ಹಿರಿಯರಿಗೆ 'ಐಆರ್ ಎಂಟು' ಎಂಬ ತಳಿ ನೆನಪಿರಬಹುದು. ೧೯೬೬ರಲ್ಲಿ ಅದು ಹೊರಬಂದದ್ದು ಆ ಸಂಸ್ಥೆಯಿಂದಲೇ. ಮೂರು ಹೊತ್ತೂ ಅನ್ನ ಉಣ್ಣುವ ಜನ. ಇಂಗ್ಲಿಷಿನವರಿಗೆ ಎಲ್ಲವೂ 'ರೈಸ್'. ನಮಗೆ ಭತ್ತ ಬೇರೆ, ಅಕ್ಕಿ ಬೇರೆ, ಅನ್ನ ಬೇರೆ. ಅವರಿಗೂ ಹಾಗೆಯೇ: ಪಾಲಾಯ್, ಬಿಗಾಸ್, ಕಾನಿನ್. ಮುಖಕ್ಕೆ ಅವರೂ ಮುಖ ಎನ್ನುತ್ತಾರೆ, ಗುರುವಿಗೆ ಗೂರೊ, ಆಸೆಗೆ ಆಸಾ. ಸಂಸ್ಕೃತದ ಆ ಮಾತುಗಳು ಎಂದೋ ಕಡಲು ದಾಟಿ ಹೋಗಿ ಅಲ್ಲೇ ಸಂಸಾರ ಹೂಡಿವೆ. ಹಿರಿಯರೊಡನೆ ಆಡುವ ಮಾತಿಗೆ 'ಪೊ' ಸೇರಿಸಬೇಕು, ಧಾರವಾಡದವರ 'ರೀ' ಇದ್ದಂತೆ. ಕಿರಿಯರು ಹಿರಿಯರ ಕೈಯನ್ನು ಹಿಡಿದು ತಮ್ಮ ಹಣೆಗೆ ಮುಟ್ಟಿಸಿಕೊಳ್ಳುತ್ತಾರೆ. ನಮ್ಮ ಮಗ ಮಾವನ ಜೀವವಿಲ್ಲದ ಬಲಗೈಯನ್ನು ದಿನಾ ಬೆಳಿಗ್ಗೆ ಹಾಗೆ ಎತ್ತಿಕೊಳ್ಳುವುದನ್ನು ಕಂಡೆ. ಇಲ್ಲಿದ್ದಾಗ ಹಬ್ಬದ ದಿನವೂ ಬಗ್ಗಿ ನಮಸ್ಕಾರ ಮಾಡಲು ನಾಚುತ್ತಿದ್ದವನು!

ಸುಲಭವೇನಲ್ಲ. ಹೆಂಡತಿಯ ಮೂಲಕ ಸಿಗುವ ವೀಸಾಕ್ಕೆ ಮೊದಲ ವರ್ಷ ಪರೀಕ್ಷೆಯ ಅವಧಿ, ಖಾಯಂ ಆಗುವುದು ಆಮೇಲೆ. ಸೊಸೆಗೂ ಮೊದಲ ವರ್ಷ ಪರೀಕ್ಷೆಯೇ ತಾನೇ? ಅಲ್ಲಿಯ ೧೯೮೭ರ ಸಂವಿಧಾನದಂತೆ ಪರದೇಶದವರು ಜಮೀನು ಕೊಳ್ಳುವಂತಿಲ್ಲ. ಮಗನ ಉಳಿತಾಯದಿಂದ ಕಟ್ಟಿದ ಮನೆ ನಿಂತಿರುವುದು ಹೆಂಡತಿಯ ಹೆಸರಿನ ನೆಲದ ಮೇಲೆ. ನಮ್ಮವರಿಗೆ ಇದೇ ಚಿಂತೆ: "ನಾಳೆ ಏನಾದರೂ ಆದರೆ?" ನಾನು ಕೇಳಿದೆ, "ನಮ್ಮ ಗೋರೆಗಾಂವಿನ ಮನೆ ಯಾರ ಹೆಸರಿನಲ್ಲಿದೆ?" ಅವರು ನಕ್ಕು ಸುಮ್ಮನಾದರು. ಚಿಂತೆ ಮಾತ್ರ ಹೋಗಿಲ್ಲ, ನನಗೂ ಹೋಗಿಲ್ಲ.

ಇನ್ನೊಂದು ತಮಾಷೆ ಕೇಳಿ. ಆ ದೇಶದಲ್ಲಿ ಭಾರತೀಯರಿಗೆಲ್ಲ 'ಬುಂಬಾಯ್' ಎಂದೇ ಹೆಸರು. ಪಂಜಾಬಿಯಾಗಲಿ, ಸಿಂಧಿಯಾಗಲಿ, ನಮ್ಮ ಊರಿನ ಹೆಸರೇ ಅವರ ಜಾತಿ! ಹಟ ಮಾಡುವ ಮಕ್ಕಳನ್ನು "ಬುಂಬಾಯ್ ಬಂದು ಚೀಲದಲ್ಲಿ ಹಾಕಿಕೊಂಡು ಹೋಗುತ್ತಾನೆ" ಎಂದು ಹೆದರಿಸುವುದೂ ಉಂಟು. ಇಲ್ಲಿ ನಮ್ಮನ್ನೆಲ್ಲ ಒಟ್ಟಿಗೆ 'ಮದ್ರಾಸಿ' ಎಂದು ಕರೆಯುತ್ತಿದ್ದ ಕಾಲವನ್ನು ಕಂಡವರಿಗೆ ಇದು ಹೊಸದಲ್ಲ. ಮಗ ಅದಕ್ಕೆ ಬೇಸರಿಸುವುದಿಲ್ಲ. "ನಾನು ನಿಜವಾಗಿಯೂ ಬೊಂಬಾಯಿಯವನೇ" ಎಂದು ನಗಿಸುತ್ತಾನೆ.

ಅಲ್ಲಿ ಕೇಳಿದ ಒಂದು ಇತಿಹಾಸ ಮಾತ್ರ ನನ್ನ ಮನಸ್ಸಿನಿಂದ ಹೋಗದು. ೧೭೬೨ರಲ್ಲಿ ಇಂಗ್ಲಿಷರು ಮನಿಲಾ ನಗರವನ್ನು ಹಿಡಿದಾಗ ಅವರ ಸೈನ್ಯದಲ್ಲಿ ಮದರಾಸಿನಿಂದ ಹೋದ ಸಿಪಾಯಿಗಳಿದ್ದರು. ೧೭೬೪ರಲ್ಲಿ ಇಂಗ್ಲಿಷರು ಹೊರಟರೂ ಕೆಲವು ಸಿಪಾಯಿಗಳು ಮರಳಲಿಲ್ಲ. ಮನಿಲಾದ ಪೂರ್ವಕ್ಕಿರುವ ಕೈಂತಾ ಎಂಬ ಊರಿನಲ್ಲಿ ಅಲ್ಲಿಯ ಹೆಣ್ಣುಗಳನ್ನು ಮದುವೆಯಾಗಿ ನಿಂತರು. ಅವರ ವಂಶದವರು ಇಂದಿಗೂ ಇದ್ದಾರೆ. ಆದರೆ ಅಜ್ಜಂದಿರ ಮಾತು ಅವರಲ್ಲಿ ಉಳಿದಿಲ್ಲ. ನನ್ನ ಮೊಮ್ಮಗಳೂ ಹೀಗೆಯೇ ಕರಗಿ ಹೋಗುವಳೇ ಎಂಬ ಭಯ ಅಂದೇ ಹುಟ್ಟಿತು.

ಮುಂಬಯಿಯಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡ ಉಳಿದದ್ದು ತಾನಾಗಿ ಅಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಗೆ ಹೋದವರು, ಭಾನುವಾರಗಳನ್ನು ಸಂಘಕ್ಕೆ ಕೊಟ್ಟವರು ಅದನ್ನು ಉಳಿಸಿದರು. ಅದನ್ನೇ ನಾವೂ ಮಾಡುತ್ತಿದ್ದೇವೆ. ಅವರ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಪ್ರತಿ ಭಾನುವಾರ ಇಲ್ಲಿ ಎಂಟೂವರೆಯಾದಾಗ ಅಲ್ಲಿ ಹನ್ನೊಂದು. ಅವರು ಚರ್ಚಿನಿಂದ ಮನೆಗೆ ಬಂದಿರುತ್ತಾರೆ. ಅಜ್ಜ ಫೋನಿನಲ್ಲೇ ಮೊಮ್ಮಗಳಿಗೆ ಅ, ಆ, ಇ, ಈ ತಿದ್ದಿಸುತ್ತಾರೆ. ಪಾಠ ಹೆಚ್ಚಾಯಿತೆಂದರೆ ಅವಳು "ಸಾಕು ಪೊ, ಅಜ್ಜ" ಎನ್ನುತ್ತಾಳೆ. ಕನ್ನಡಕ್ಕೆ ಪೊ ಹತ್ತಿದರೆ ಹತ್ತಲಿ, ಮರ್ಯಾದೆಯ ಮಾತೇ ಅಲ್ಲವೇ!

ಸೊಸೆಯ ತಂದೆ ಕಳೆದ ವರ್ಷ ತೀರಿಕೊಂಡರು. ಒಂಬತ್ತು ದಿನದ ಪ್ರಾರ್ಥನೆಗೆ ಬಂದವರಿಗೆಲ್ಲ ಊಟ ಬಡಿಸಿದವನು ನಮ್ಮ ಮಗನೇ. ಇನ್ನಾದರೂ ಮುಂಬಯಿಗೆ ಬಾ ಎಂದು ನಾವು ಕೇಳಲಿಲ್ಲ. ನಾನು ಪರೇಲಿಗೆ ಬಂದು ಹತ್ತು ವರ್ಷವಾದಾಗ ನನ್ನನ್ನು ಯಾರಾದರೂ ಕುಂದಾಪುರಕ್ಕೆ ಮರಳು ಎಂದಿದ್ದರೆ ನಾನು ಹೋಗುತ್ತಿದ್ದೆನೇ?

ಬರುವ ಯುಗಾದಿಗೆ ಬೀಗಿತ್ತಿ ನಮ್ಮಲ್ಲಿಗೆ ಬರುತ್ತಾರೆ. ಸಂಘದ ಕಾರ್ಯಕ್ರಮಕ್ಕೂ ಕರೆತರುತ್ತೇನೆ. ಅವರು ಕೈ ಮುಂದೆ ಚಾಚಿದರೆ ಕುಲುಕಬೇಡಿ. ಕಿರಿಯರು ಆ ಕೈಯನ್ನು ಹಣೆಗೆ ಒತ್ತಿಕೊಳ್ಳಿ. ಅದು ಅವರ ಆಶೀರ್ವಾದ.